ಭಾಗಮ್ಮನ ಹೆಸರಿನ ಚೀಟಿ

"ನಿಮ್ಮ ರಕ್ತದಾಗ ಈ ಗುಳಿಗಿದು ಸುಳಿವೇ ಇಲ್ಲಲ್ರಿ," ಎಂದು ಡಾಕ್ಟರ್ ಶೈಲಶ್ರೀ ಕಲಬುರಗಿಯಿಂದ ಬಂದ ಕಾಗದವನ್ನು ಭಾಗಮ್ಮನ ಕಡೆ ತಿರುಗಿಸಿದಳು. "ಖರೇ ಹೇಳ್ರಿ ಅಮ್ಮ. ನುಂಗಾಕತ್ತೀರೋ, ಒಲಿಗಿ ಹಾಕಾಕತ್ತೀರೋ?"

"ಒಂದು ದಿನಾನೂ ತಪ್ಪಿಲ್ರಿ. ಲಿಂಗದಾಣಿ," ಅಂದಳು ಭಾಗಮ್ಮ.

ಇದರಲ್ಲಿ ಸುಳ್ಳೇನಿಲ್ಲ. ಎಂಟು ತಿಂಗಳಿಂದ ಗುಳಿಗೆ ಒಂದು ದಿನವೂ ತಪ್ಪಿರಲಿಲ್ಲ. ತಪ್ಪದೆ ಹೋಗುತ್ತಿದ್ದುದು ಗಂಡನ ಹೊಟ್ಟೆಗೆ ಅನ್ನುವುದೊಂದನ್ನು ಮಾತ್ರ ಅವಳು ಬಾಯಿಬಿಟ್ಟಿರಲಿಲ್ಲ. ಚೀಟಿ ಭಾಗಮ್ಮನ ಹೆಸರಿಗೆ, ಕಾಯಿಲೆ ಗುರುಲಿಂಗಯ್ಯನದು.

"ಮತ್ತ ರಕ್ತದಾಗಿಂದು ಎಲ್ಲಿ ಹೋಯ್ತು? ಹಾರಿ ಹೋಯ್ತೇನು?" ಡಾಕ್ಟರಮ್ಮ ನಕ್ಕಳು. ಪಕ್ಕದಲ್ಲಿ ಕಡತ ಹಿಡಿದು ಕೂತ ಲುಂಬಿನಿ ನಗಲಿಲ್ಲ. ಲುಂಬಿನಿ ಅಂದರೆ ಚಿತ್ತಾಪುರ ದವಾಖಾನೆಯ ಆ ಖೋಲಿಯ ಆಪ್ತಸಮಾಲೋಚಕಿ, ವಾಡಿಯ ಮಾಣಿಕಪ್ಪ ಮಾಸ್ತರರ ಮಗಳು. ಎರಡು ಸಲ ರಕ್ತ ಕೊಡದೆ ಜಾರಿಕೊಂಡಿದ್ದ ಭಾಗಮ್ಮನನ್ನು ಹೋದ ಮಂಗಳವಾರ ರಟ್ಟೆ ಹಿಡಿದು ಕೂಡಿಸಿ, ಸೂಜಿ ಚುಚ್ಚಿಸಿದವಳು ಇವಳೇ. ಈಗ ಪೆನ್ನಿನ ಮುಚ್ಚಳ ಕಚ್ಚಿಕೊಂಡು ಭಾಗಮ್ಮನ ಮುಖವನ್ನೇ ನೋಡುತ್ತಿದ್ದಳು.

"ಹೆದರಿಕಿ ಅದ ಅಂದ್ರ ಹೇಳ್ರಿ, ನಾ ಏನೂ ಬೈಯಂಗಿಲ್ಲ," ಅಂದಳು ಡಾಕ್ಟರಮ್ಮ. "ಇದೂ ಒಂಥರಾ ಉಪ್ಪಿನ ಜಾತಿದೇ ಗುಳಿಗಿ. ನೀರು ಛಲೋತ್ನಾಗ ಕುಡದು, ಊಟದಾಗ ಉಪ್ಪು ಬಿಡದಂಗ ಇದ್ರ ಏನೂ ತ್ರಾಸಿಲ್ಲ. ಶ್ರಾವಣ ಅಂತ ಉಪವಾಸ ಗಿಪವಾಸ ಹಿಡದಿಲ್ಲಲ್ಲ?"

"ಇಲ್ರಿ. ನನಗ ಪಿತ್ತ ಆಗ್ತದ."

ಮೊದಲ ದಿನವೂ ಇದೇ ಪ್ರಶ್ನೆಗೆ ಇದೇ ಉತ್ತರ ಕೊಟ್ಟಿದ್ದಳು. ನಿದ್ದೆ, ಊಟ, ಮಾತು, ಸಿಟ್ಟು ಎಲ್ಲದಕ್ಕೂ ಗಂಡನದು ಹೇಳಿ, ಉಪವಾಸದ ಮಾತಿಗೆ ಮಾತ್ರ ತನ್ನದನ್ನು ಹೇಳಿಬಿಟ್ಟಿದ್ದಳು. ಈಗ ಮಾತು ಬಾಯಿಂದ ಹೊರಬಿದ್ದ ಮೇಲೆ ಗಂಡನ ತಾಟು ಕಣ್ಣಮುಂದೆ ಬಂತು.

"ಉಪ್ಪು ಬಿಟ್ರ ಏನಾಗ್ತದ್ರಿ?"

"ಗುಳಿಗಿ ಮೈಯಾಗೇ ನಿಂತು ಇಸ ಆಗ್ತದ. ಮೊದಲ ಕೈ ನಡಗ್ತಾವ. ವಾಂತಿ, ಜುಲಾಬು. ಕುಡದವರಂಗ ಕಾಲು ತಪ್ಪತಾವ. ಆವಾಗೂ ಎಚ್ಚರಾಗ್ಲಿಲ್ಲ ಅಂದ್ರ ಕಿಡ್ನಿ ಹೋಗ್ತದ, ಜೀವಾನೂ ಹೋಗ್ತದ. ಯಾಕ್ರಿ?"

ಗುರುಲಿಂಗಯ್ಯ ಉಪ್ಪು ಬಿಟ್ಟು ಅಂದಿಗೆ ಹತ್ತೊಂಬತ್ತು ದಿನ. ಶ್ರಾವಣದ ಅನುಷ್ಠಾನ. ಒಂದೇ ಹೊತ್ತು ಊಟ, ಆ ಹೊತ್ತಿಗಷ್ಟೇ ನೀರು. ಮುಂಜಾನೆ ಕೊರಳಿನ ಶಿವದಾರದ ಗಂಟು ಬಿಚ್ಚಲು ಬಾರದೆ, "ಇದೊಂದಿಷ್ಟು ಬಿಚ್ಚ," ಅಂತ ಅವಳ ಮುಂದೆ ಬಂದು ನಿಂತಿದ್ದ. ನಿಶ್ಶಕ್ತಿ ಇರಬೇಕು ಅಂದುಕೊಂಡು ಬಿಚ್ಚಿ ಕೊಟ್ಟು, ಒಳಗೆ ಹೋಗಿ ಎರಡು ಗುಳಿಗೆ ಅರೆದು ಸಪ್ಪನ ಪುಂಡಿಪಲ್ಯದಲ್ಲಿ ಕಲಸಿ, ರೊಟ್ಟಿಯ ಜೊತೆ ಮುಚ್ಚಿಟ್ಟು ಚಿತ್ತಾಪುರಕ್ಕೆ ಬಂದಿದ್ದಳು. ಮಧ್ಯಾಹ್ನದ ಪೂಜೆ ಮುಗಿಸಿ ಅವನು ಉಣ್ಣುವುದು ಅದನ್ನೇ. ಹನ್ನೊಂದೂಮುಕ್ಕಾಲು ಆಗಿತ್ತು.

ಭಾಗಮ್ಮ ಎದ್ದು ನಿಂತಳು. "ಬರ್ತೀನ್ರಿ," ಅಂದವಳೇ ಚೀಟಿ ಅಲ್ಲೇ ಬಿಟ್ಟು ಹೊರಗೆ ಬಿದ್ದಳು.

ಗೇಟಿನ ಹತ್ತಿರ ಲುಂಬಿನಿ ಓಡಿಬಂದು ಹಿಡಿದಳು. "ಅಮ್ಮಾರ, ನಿಂದರ್ರಿ. ಈ ಗುಳಿಗಿ ಯಾರು ತಿನ್ನಾಕತ್ತಾರ?"

"ಬಿಡವ್ವ ತಂಗಿ, ನನಗ ಜಲ್ದಿ ಅದ."

"ಯಾರೇ ಇರವಲ್ರ್ಯಾಕ. ಇವತ್ತಿಂದು ಕೊಡಬ್ಯಾಡ್ರಿ. ನೀರು ಕುಡಿಸ್ರಿ, ಕರಕೊಂಡು ಬರ್ರಿ. ಡಾಕ್ಟರ್ ನಾಲ್ಕರ ತನಕ ಇರ್ತಾರ, ದವಾಖಾನಿ ಅಂತೂ ತೆರದೇ ಇರ್ತದ." ಕೈ ಬಿಡುವ ಮುಂಚೆ ಮತ್ತೊಂದು ಮಾತು ಅಂದಳು. "ನಾ ಕೇಳಂಗಿಲ್ಲ, ಬರ್ರಿ ಅಷ್ಟೇ."

ಜಹಾಂಗೀರನ ಆಟೋ ಅವಳೂರು ದಂಡೋತಿಯ ಮಂದಿಗಾಗಿ ನಿಂತಿತ್ತು. ಅವನೋ, ಇನ್ನಿಬ್ಬರು ಬರಲಿ ಅಂತ ಬೀಡಿ ಹಚ್ಚಿದವನು. "ಯಾರೂ ಬ್ಯಾಡ, ಇಡೀ ಗಾಡಿ ನಂದೇ, ಹೊಡಿ ಮೊದಲ," ಅಂತ ಭಾಗಮ್ಮ ಒದರಿದ್ದಕ್ಕೆ ಬೀಡಿ ಒಗೆದು ಕಿಕ್ ಹೊಡೆದ. ಐನೋರ ಮನೆಯ ಅಮ್ಮ ಹೀಗೆ ದನಿ ಎತ್ತಿದ್ದನ್ನು ಅವನು ಕೇಳಿರಲಿಲ್ಲ.

ಫೋನ್ ಮಾಡೋಣವೆಂದರೆ ಅನುಷ್ಠಾನದಲ್ಲಿ ಗುರುಲಿಂಗಯ್ಯ ಫೋನ್ ಮುಟ್ಟುವುದಿಲ್ಲ. ಪೂಜೆಗೆ ಬಂದು ಕೂತಿರುವ ಭಕ್ತ ಬಸವಲಿಂಗನಿಗೆ ಹಚ್ಚಬಹುದು. ಹಚ್ಚಿ ಏನಂತ ಹೇಳುವುದು? ಅಪ್ಪೋರಿಗೆ ಊಟ ಮಾಡಬೇಡಿ ಅನ್ನು ಅಂತಲೇ? ಯಾಕೆ ಅಂದರೆ? ಭಾಗಮ್ಮ ಫೋನ್ ತೆಗೆದಳು, ಒಳಗಿಟ್ಟಳು, ಮತ್ತೆ ತೆಗೆದಳು. ರಸ್ತೆಯ ತಗ್ಗಿಗೊಮ್ಮೆ ತಲೆ ಆಟೋದ ಸರಳಿಗೆ ಬಡಿಯುತ್ತಿತ್ತು.

ಎಲ್ಲ ಶುರುವಾದದ್ದು ಹೋದ ವರ್ಷದ ಬೇಸಿಗೆಗೆ. ಗುರುಲಿಂಗಯ್ಯ ದಂಡೋತಿಯ ಜಂಗಮ, ಊರವರಿಗೆ ಐನೋರು, ಅಪ್ಪೋರು. ಕೂಸಿಗೆ ಲಿಂಗ ಕಟ್ಟುವುದರಿಂದ ಹಿಡಿದು ಸತ್ತವರನ್ನು ಮಣ್ಣಿಗಿಡುವ ತನಕ ಊರಿನ ಲಿಂಗಾಯತ ಮನೆಗಳಿಗೆ ಅವನೇ ಬೇಕು. ಅಂಥವನು ಒಂದು ದಿನ ಮಾತಾಡಲು ಹತ್ತಿದವನು ನಿಲ್ಲಿಸಲೇ ಇಲ್ಲ. ಆರು ದಿನ ಕಣ್ಣಿಗೆ ಕಣ್ಣು ಹಚ್ಚಲಿಲ್ಲ. ಹಾಲು ಕೊಡುವ ಎಮ್ಮೆಯನ್ನು ಹಾದಿಯಲ್ಲಿ ಹೋಗುವವನ ಕೈಗೆ ಕೊಟ್ಟುಬಿಟ್ಟ. ದಂಡೋತಿಯಲ್ಲಿ ದೊಡ್ಡ ಮಠ ಕಟ್ಟುತ್ತೇನೆ ಅಂತ ಊರ ಹೊಲಗಳನ್ನೆಲ್ಲ ಹೆಜ್ಜೆಯಲ್ಲಿ ಅಳೆದು ಬಂದ. ಜನ ಏನಂದರು ಗೊತ್ತೇ? ಅಪ್ಪೋರ ಮೈಮೇಲೆ ಶಿವ ಬಂದಾನೆ ಅಂದರು. ಈ ಬಸವಲಿಂಗನೇ ಮೊದಲು ಕಾಯಿ ಒಡೆದು ಕಾಲಿಗೆ ಬಿದ್ದವನು. ಆಮೇಲೆ ನಾಲ್ಕು ತಿಂಗಳು ಅಪ್ಪೋರು ಗೋಡೆಗೆ ಮುಖ ಮಾಡಿ ಮಲಗಿದಾಗ ಅದೇ ಜನ, ಯಾರದೋ ಕಣ್ಣು ತಾಗಿದೆ ಅಂದರು. ಮೈಗೆ ನೀರು ಹಾಕಿಸಿ, ಬಾಯಿಗೆ ತುತ್ತು ಇಟ್ಟು ಸಾಕಾದ ಭಾಗಮ್ಮನನ್ನು ಯಾರೂ ಏನೂ ಕೇಳಲಿಲ್ಲ.

ಆಗಲೇ ಲುಂಬಿನಿ ಮಹಿಳಾ ಸಂಘದ ಕೂಟಕ್ಕೆ ಬಂದು, ಇಂಥ ಕಾಯಿಲೆಗೂ ಔಷಧ ಇದೆ, ಮಂಗಳವಾರ ಚಿತ್ತಾಪುರಕ್ಕೆ ಬನ್ನಿ ಅಂತ ಹೇಳಿಹೋದದ್ದು. ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಭಾಗಮ್ಮ ಮನೆಗೆ ಬಂದು ಗಂಡನ ಮುಂದೆ ಮೆಲ್ಲಗೆ ಮಾತು ತೆಗೆದರೆ, "ನನಗ ಹುಚ್ಚ ಅಂತೀ ಏನು?" ಅಂದು ಎರಡು ದಿನ ಅವಳ ಕೈಯ ಅಡುಗೆ ಮುಟ್ಟಲಿಲ್ಲ. ಕಡೆಗೆ ಎಳ್ಳ ಅಮಾಸಿಯ ಮುಂಚಿನ ಮಂಗಳವಾರ ಅವಳು ಒಬ್ಬಳೇ ಹೋದಳು. ಚೀಟಿ ಬರೆಯುವವನು ರೋಗಿಯ ಹೆಸರು ಕೇಳಿದ. ಹಿಂದೆಯೇ ದಂಡೋತಿಯ ಮುದುಕಿಯೊಬ್ಬಳು ಮೊಣಕಾಲು ನೋವು ಅಂತ ನಿಂತಿದ್ದಳು. ಗುರುಲಿಂಗಯ್ಯ ಅಂದರೆ ಸಂಜೆಗೆ ಊರೆಲ್ಲ ಸುದ್ದಿ. ನಾಳೆಯಿಂದ ಯಾರು ಅವನ ಪಾದ ತೊಳೆದ ನೀರು ಕಣ್ಣಿಗೊತ್ತಿಕೊಂಡಾರು? "ಭಾಗಮ್ಮ," ಅಂದುಬಿಟ್ಟಳು. ಹುಚ್ಚಿ ಅನ್ನಿಸಿಕೊಂಡರೂ ರೊಟ್ಟಿ ಬಡಿಯಬಹುದು, ಹುಚ್ಚ ಅನ್ನಿಸಿಕೊಂಡು ಐನೋರಾಗಲು ಬರುವುದಿಲ್ಲ. ಅವಳ ಲೆಕ್ಕ ಅಷ್ಟೇ ಇತ್ತು.

ಔಷಧ ಉಣಿಸುವುದು ಕಷ್ಟವಾಗಲಿಲ್ಲ. ಪುಂಡಿಪಲ್ಯದ ಹುಳಿಯಲ್ಲಿ ಏನು ಹಾಕಿದರೂ ಗೊತ್ತಾಗುವುದಿಲ್ಲ. ಅದೂ ಅಲ್ಲದೆ ಗುರುಲಿಂಗಯ್ಯ ಪ್ರಸಾದ ಬಿಡುವವನಲ್ಲ. ಉಂಡ ತಾಟನ್ನು ತೊಳೆದು ಆ ನೀರನ್ನೂ ಕುಡಿಯುವ ಮನೆತನ. ಒಂದು ಚೂರೂ ಹೊರಗೆ ಹೋಗುತ್ತಿರಲಿಲ್ಲ.

ಮನೆಯ ಮುಂದೆ ಆಟೋ ನಿಂತಾಗ ಪೂಜೆ ನಡೆದಿತ್ತು. ಪಡಸಾಲೆಯಲ್ಲಿ ಬಸವಲಿಂಗ, ಅವನ ಹಿಂದೆ ಐದಾರು ಹೆಂಗಸರು. ಎದುರಿಗೆ ಮಣೆಯ ಮೇಲೆ ವಿಭೂತಿ ಬಳಿದುಕೊಂಡ ಗುರುಲಿಂಗಯ್ಯ, ಎಡಗೈಯಲ್ಲಿ ಇಷ್ಟಲಿಂಗ ಹಿಡಿದು ಕಣ್ಣು ನೆಟ್ಟಿದ್ದ. ಪೂಜೆಯ ನಡುವೆ ಯಾರೂ ಮಾತಾಡುವಂತಿಲ್ಲ. ಭಾಗಮ್ಮನಿಗೆ ಕಂಡದ್ದು ಅವನ ಮುಂಗೈ ಮಾತ್ರ. ಅದು ಸಣ್ಣಗೆ, ಬಿಡದೆ ಅದುರುತ್ತಿತ್ತು.

ಇನ್ನೂ ಉಂಡಿಲ್ಲ! ಬದುಕಿದೆ ಅಂದುಕೊಂಡು ಅಡುಗೆಮನೆಗೆ ನುಗ್ಗಿ, ಬಟ್ಟಲು ಎತ್ತಿ, ಹಿತ್ತಲಿಗೆ ಹೋಗಿ ಪಲ್ಯವನ್ನೆಲ್ಲ ತಿಪ್ಪೆಗೆ ಸುರಿದಳು. ಬೇರೆ ಪಲ್ಯ ಮಾಡಿದರಾಯಿತು. ಗುಳಿಗೆ ನಿಲ್ಲಿಸಿದರಾಯಿತು. ಅದರಲ್ಲಿ ಒಂದು ಚಿಟಿಕೆ ಉಪ್ಪು ಕದ್ದು ಹಾಕಿದರೂ ಆಯಿತು, ಪಾಪ ಬಂದರೆ ತನಗೆ ಬರಲಿ. ಯಾರಿಗೂ ಏನೂ ಹೇಳುವ ಹಂಗಿಲ್ಲ. ಹೀಗೆ ಮನಸ್ಸಿನಲ್ಲೇ ಎಲ್ಲ ಪಾರುಮಾಡಿಕೊಂಡು ಬಟ್ಟಲು ತೊಳೆಯುತ್ತಿದ್ದಾಗ ಪಡಸಾಲೆಯಿಂದ ಟಣ್ಣೆಂದು ಒಂದು ಸದ್ದು ಬಂತು. ಹಿಂದೆಯೇ ಹೆಂಗಸರ ದನಿ, "ಶಿವ ಶಿವಾ!"

ಲಿಂಗ ಅಂಗೈ ಬಿಟ್ಟು ನೆಲಕ್ಕೆ ಬಿದ್ದಿತ್ತು. ಉರುಳಿಕೊಂಡು ಹೋಗಿ ಹೊಸ್ತಿಲಿಗೆ ತಾಗಿ ನಿಂತಿತ್ತು.

ಯಾರೂ ಮುಟ್ಟಲಿಲ್ಲ. ಗುರುಲಿಂಗಯ್ಯ ಮಂಡಿಯೂರಿ ತೆವಳುತ್ತ ಹೋಗಿ ಎರಡೂ ಕೈಯಲ್ಲಿ ಎತ್ತಿ ಕಣ್ಣಿಗೊತ್ತಿಕೊಂಡ. "ನಿಲ್ಲಲಿಲ್ಲ," ಅಂದ. ನಾಲಿಗೆ ತೊದಲುತ್ತಿತ್ತು. "ನಲವತ್ತು ವರ್ಷ ಈ ಕೈಯಾಗ ನಿಂತಾಂವ ಇವತ್ತು ನಿಲ್ಲಲಿಲ್ಲ. ನನ್ನ ಕೈ ಬ್ಯಾಡಾಯ್ತು ಅವನಿಗಿ." ಆಮೇಲೆ ಗೋಡೆಗೆ ಒರಗಿ, ಎಲ್ಲರಿಗೂ ಕೇಳುವಂತೆ ಅಂದ. "ಬರೋ ಸೋಮವಾರ ತನಕ ಹನಿ ನೀರು ಮುಟ್ಟಂಗಿಲ್ಲ. ಅವನು ವಾಪಸ್ ಬಂದ್ರ ಬರ್ಲಿ, ಇಲ್ಲಂದ್ರ ಈ ಜೀವಾನೂ ಹೋಗ್ಲಿ."

ಬಸವಲಿಂಗ ಕೈ ಮುಗಿದ. "ಆಗ್ಲಿ ಅಪ್ಪೋರ. ನಿಮ್ಮ ನಿರ್ಣಯ ದೊಡ್ಡದು. ನಾವೂ ಒಂದು ಹೊತ್ತು ಇರ್ತೀವಿ. ಊರಿಗಿ ಹೇಳಿ ಬರ್ತೀನಿ."

ಭಲೇ ಭಕ್ತ! ಭಾಗಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಎಮ್ಮೆ ಕೊಟ್ಟಾಗಲೂ ಇವನಿಗೆ ಅದು ದೊಡ್ಡದೇ, ಸಾಯುತ್ತೇನೆ ಅಂದರೂ ದೊಡ್ಡದೇ. ಇವರು ಕೈ ಮುಗಿಯುತ್ತ ಕೂತರೆ ಸೋಮವಾರದ ತನಕ ಯಾಕೆ, ನಾಳೆಗೇ ಮುಗಿಯುತ್ತದೆ.

"ಊರಿಗಿ ಆಮ್ಯಾಲೆ ಹೇಳಕಂತಿ ಬಸವಲಿಂಗ. ಮೊದಲ ನನ್ನ ಮಾತು ಕೇಳು," ಅಂದಳು. ಕೈಯಲ್ಲಿ ತೊಳೆದ ಬಟ್ಟಲು ಹಾಗೇ ಇತ್ತು, ನೀರು ಸೋರುತ್ತಿತ್ತು. "ಲಿಂಗ ಬೀಳಂಗ ಮಾಡಿದಾಕಿ ನಾನು."

"ಏನಂತೀರಿ ಅಮ್ಮಾರ?"

"ಎಳ್ಳ ಅಮಾಸಿಯಿಂದ ಇವ್ರ ಊಟದಾಗ ಗುಳಿಗಿ ಹಾಕ್ಲಿಕತ್ತೀನಿ. ಚಿತ್ತಾಪುರ ದವಾಖಾನ್ಯಾಗ ಮನಸಿನ ಡಾಕ್ಟರ್ ಬರ್ತಾರಲ್ಲ, ಅವ್ರು ಕೊಡೂದು. ನನ್ನ ಹೆಸರ್ಲೆ ತಂದು ಇವ್ರಿಗಿ ಉಣಿಸೀನಿ. ಉಪ್ಪು ಬಿಟ್ರ ಅದು ಮೈಗೆ ಏರ್ತದಂತ, ನನಗ ಇವತ್ತೇ ಗೊತ್ತಾಯ್ತು. ಕೈ ನಡಗೂದು ಅದಕ್ಕ. ಶಿವ ಎಲ್ಲೂ ಹೋಗಿಲ್ಲ. ಇವ್ರು ನೀರು ಕುಡೀಲಿಲ್ಲಂದ್ರ ಇವ್ರೇ ಹೋಗ್ತಾರ."

ಹಿಂದಿನಿಂದ ಒಬ್ಬಾಕೆ ಮೆಲ್ಲಗೆ ಕೇಳಿದಳು, "ಹುಚ್ಚರ ಗುಳಿಗಿ ಏನ್ರಿ?"

"ಹೌದವ್ವ. ನೀವು ಹಂಗ ಅಂತೀರಲ್ಲ, ಅದೇ."

ಗುರುಲಿಂಗಯ್ಯ ಅವಳನ್ನು ನೋಡುತ್ತಿದ್ದ. ಈಗ ಬೈಯುತ್ತಾನೆ, ಕೈಯಲ್ಲಿದ್ದುದನ್ನು ಎತ್ತಿ ಒಗೆಯುತ್ತಾನೆ ಅಂತ ಭಾಗಮ್ಮ ಗಟ್ಟಿಯಾಗಿ ನಿಂತಳು. ಅವನು ನಡುಗುವ ಹೆಬ್ಬೆರಳಿನಿಂದ ಬೆರಳಿನ ಗೆಣ್ಣು ಎಣಿಸುತ್ತಿದ್ದ.

"ಎಳ್ಳ ಅಮಾಸಿಯಿಂದ," ಅಂದ. "ಅವತ್ತಿನಿಂದ ನನಗ ನಿದ್ದಿ ಬರಾಕತ್ತಿತ್ತು."

"ಹೌದ್ರಿ."

"ತಲಿಯಾಗಿನ ಗದ್ದಲ ನಿಂತಿತ್ತು. ಶಿವ ಕಣ್ಣು ತೆರದ ಅಂತ ತಿಳಕೊಂಡಿದ್ದೆ ಭಾಗಿ. ಅವನಿಗಿ ಏನು ಕೊಡ್ಲಿ, ಏನು ಕೊಡ್ಲಿ ಅಂತ ಉಪ್ಪು ಬಿಟ್ಟೆ."

ಬೈದಿದ್ದರೆ ಛಲೋ ಇತ್ತು, ಎರಡು ಏಟು ಹಾಕಿದ್ದರೂ ತಡೆದುಕೊಳ್ಳುತ್ತಿದ್ದಳು. ಅವನ ಎಂಟು ತಿಂಗಳ ಸಮಾಧಾನವನ್ನು ತಾನೇ ತಂದುಕೊಟ್ಟು, ಈಗ ತಾನೇ ಕಸಿದುಕೊಂಡ ಹಾಗೆ ಅನ್ನಿಸಿತು.

ಹೆಂಗಸರು ಒಬ್ಬೊಬ್ಬರಾಗಿ ಎದ್ದರು. ಪಾದೋದಕದ ತಂಬಿಗೆ ತುಂಬಿದ್ದು ತುಂಬಿದ ಹಾಗೇ ಉಳಿಯಿತು, ಯಾರೂ ಕೈ ಒಡ್ಡಲಿಲ್ಲ. ಗುರುಲಿಂಗಯ್ಯ ಅದನ್ನೂ ನೋಡಿದ. ಏಳಲು ಹೋದವನಿಗೆ ಕಾಲು ನಿಲ್ಲಲಿಲ್ಲ, ಗೋಡೆ ಹಿಡಿದು ಅಂಗಳದ ತನಕ ಹೋಗಿ ವಾಂತಿ ಮಾಡಿಕೊಂಡ. ಭಾಗಮ್ಮ ಬೆನ್ನು ನೀವುತ್ತ, "ಜಹಾಂಗೀರ, ಹೋಗಬ್ಯಾಡೋ," ಅಂತ ಕೂಗಿದಳು. ಬಸವಲಿಂಗ ಚಪ್ಪಲಿ ಮೆಟ್ಟಿಕೊಂಡು ಅರ್ಧ ಓಣಿ ದಾಟಿದ್ದ. ಏನನ್ನಿಸಿತೋ, ತಿರುಗಿ ಬಂದು ಅಪ್ಪೋರ ಕಂಕುಳಲ್ಲಿ ಕೈ ಹಾಕಿ ಎತ್ತಿ ಆಟೋದಲ್ಲಿ ಕೂಡಿಸಿದ. ಈ ಸಲ ಕೈ ಮುಗಿಯಲಿಲ್ಲ.

ದವಾಖಾನೆಯಲ್ಲಿ ಲುಂಬಿನಿ ಗೇಟಿನಲ್ಲೇ ನಿಂತಿದ್ದಳು. ಯಾರು, ಏನು ಅಂತ ಕೇಳದೆ ನೇರ ವಾರ್ಡಿಗೆ ಕರೆದುಕೊಂಡು ಹೋದಳು. ಸಂಜೆಯೊಳಗೆ ಕಲಬುರಗಿಗೆ ಕಳಿಸಬೇಕಾದೀತು, ಅಲ್ಲಿಯ ತನಕ ಬಾಟ್ಲಿ ಏರಿಸುತ್ತೇವೆ ಅಂದರು. ಸೂಜಿ ಹಿಡಿದು ಬಂದ ಸಿಸ್ಟರಿಗೆ ಗುರುಲಿಂಗಯ್ಯ ಮೆಲ್ಲಗೆ ಕೇಳಿದ, "ಇದರಾಗ ಉಪ್ಪು ಇರ್ತದೇನವ್ವ?"

"ಇರ್ತದ್ರಿ ಅಜ್ಜಾರ. ಉಪ್ಪುನೀರೇ ಅದು."

ಗುರುಲಿಂಗಯ್ಯ ಸ್ವಲ್ಪ ಹೊತ್ತು ಬಾಟ್ಲಿ ನೋಡಿದ. ಆಮೇಲೆ ಕಣ್ಣು ಮುಚ್ಚಿ ಕೈ ಚಾಚಿದ.

ಮೂರೂವರೆಗೆ ಡಾಕ್ಟರ್ ಶೈಲಶ್ರೀ ಬಂದು ಮಂಚದ ಪಕ್ಕಕ್ಕೆ ಸ್ಟೂಲ್ ಎಳೆದುಕೊಂಡಳು. "ಹೊಸ ಕಾಗದ ತ್ಯಗಿ," ಅಂದಳು ಲುಂಬಿನಿಗೆ. ಅಕ್ಕಪಕ್ಕದ ಮಂಚದವರು ಇತ್ತ ತಿರುಗಿದ್ದರು. ಭಾಗಮ್ಮ ಸೆರಗಿನಿಂದ ಅವರಿಗೆ ಮರೆಯಾಗುವಂತೆ ನಿಂತು, ಹೆಸರು ಹೇಗೆ ಹೇಳಲಿ, ಕಿವಿಯಲ್ಲಿ ಹೇಳಲೇ ಅಂತ ಬಗ್ಗುವಷ್ಟರಲ್ಲಿ ಮಂಚದಿಂದ ದನಿ ಬಂತು.

"ಗುರುಲಿಂಗಯ್ಯ. ದಂಡೋತಿ. ಬರಕೋರಿ."

"ನಿದ್ದಿ ಹ್ಯಾಂಗದ್ರಿ?" ಡಾಕ್ಟರಮ್ಮ ಕೇಳಿದಳು.

"ಈಗ ಬರ್ತದ್ರಿ, ಮೊದಲ ಬರ್ತಿರ್ಲಿಲ್ಲ," ಅಂದಳು ಭಾಗಮ್ಮ, ಎಂಟು ತಿಂಗಳ ರೂಢಿಯಲ್ಲಿ. ಡಾಕ್ಟರಮ್ಮ ಅವಳ ಕಡೆ ತಿರುಗಿದಳು. "ಅಮ್ಮ, ನೀವು ಒಂದು ಐದು ನಿಮಿಷ ಹೊರಗ ಕುಂದರ್ತೀರೇನು?"

"ಇರ್ಲಿ ಬಿಡ್ರಿ," ಅಂದ ಗುರುಲಿಂಗಯ್ಯ. "ಆಕಿನೂ ಕೇಳ್ಲಿ."

ಅವನು ಮೇಲೆ ಫ್ಯಾನ್ ನೋಡುತ್ತ ಹೇಳತೊಡಗಿದ. ನಾಲಿಗೆ ಇನ್ನೂ ತೊಡರುತ್ತಿತ್ತು, ಆದರೆ ಮಾತು ತಿಳಿಯುತ್ತಿತ್ತು. "ಹ್ವಾದ ವರ್ಷ ನಾಕು ತಿಂಗಳ ಮಲಕೊಂಡಿದ್ದೆನಲ್ರಿ, ಆವಾಗ ಮೂರು ಸಲ ಹೊಲದ ಬಾವಿ ತನಕ ಹೋಗಿ ಬಂದೀನಿ. ಮೂರೂ ಸಲ ವಾಪಸ್ ಬರಬಾರ್ದು ಅಂತೇ ಹೋಗಿದ್ದೆ. ಈಕಿಗಿ ಗೊತ್ತಿಲ್ಲ."

ಭಾಗಮ್ಮನಿಗೆ ಆ ದಿನಗಳು ಗೊತ್ತಿದ್ದವು. ಬಾವಿ ಗೊತ್ತಿರಲಿಲ್ಲ. ತಿಂಗಳುಗಟ್ಟಲೆ ಹಾಸಿಗೆ ಬಿಡದವನು ತಾನಾಗಿ ಎದ್ದು ಧೋತರ ಉಟ್ಟುಕೊಂಡು ಹಿತ್ತಲಾಚೆ ಹೊಲದ ಕಡೆ ಹೋಗಿ ಬಂದಾಗ, ಇವತ್ತು ಹುಷಾರಾದ ಅಂತ ಹಿಗ್ಗಿ ಶೇಂಗಾ ಹೋಳಿಗೆ ಮಾಡಿ ಬಡಿಸಿದ್ದಳು. ಮೂರು ಸಲ ಮಾಡಿದ್ದಳು. ನಡುನಡುವೆ ಎದ್ದು ಹೊಲಕ್ಕೆ ಅಡ್ಡಾಡಿ ಬರುತ್ತೇನೆ, ಆವಾಗ ಆರಾಮ ಅನ್ನಿಸುತ್ತದೆ ಅಂತ ಇದೇ ಡಾಕ್ಟರಮ್ಮನ ಮುಂದೆ ಬರೆಸಿಯೂ ಇದ್ದಳು.

"ಮತ್ತ ವಾಪಸ್ ಯಾಕ ಬಂದ್ರಿ?" ಡಾಕ್ಟರಮ್ಮ ಮೆಲ್ಲಗೆ ಕೇಳಿದಳು.

"ಈಕಿ ರೊಟ್ಟಿ ಬಡಿಯೋ ಸಪ್ಪಳ ಬರ್ತಿತ್ರಿ," ಅಂದ. "ಬಾವಿ ತನಕ ಕೇಳ್ತದ ಅದು. ಇನ್ನಾ ಒಂದು ಬಡೀಲಿ, ಆಮ್ಯಾಲೆ, ಅಂತ ಕುಂದರ್ತಿದ್ದೆ. ಆಕಿ ಬಡಕೋತೇ ಹೋಗ್ತಿದ್ಲು."

ಲುಂಬಿನಿಯ ಪೆನ್ನು ನಿಂತಿತು. ಭಾಗಮ್ಮ ಹೊರಗೆ ಹೋಗಲೆಂದು ಬಾಗಿಲ ತನಕ ನಡೆದಳು, ಹೋಗಲಾಗದೆ ಚೌಕಟ್ಟು ಹಿಡಿದು ಅಲ್ಲೇ ನಿಂತಳು. ಹಿಂದೆ ಗುರುಲಿಂಗಯ್ಯ ಇನ್ನೂ ಹೇಳುತ್ತಲೇ ಇದ್ದ.